ಜಾನಪದ ಲೋಕಕ್ಕೆ ಅಧ್ಯಯನ ಪ್ರವಾಸ: ರೈತರು ಸಿದ್ಧತೆ ಮಾಡಿಕೊಳ್ಳುವುದು ಹೇಗೆ?

ನಮ್ಮ ಹಳ್ಳಿಗಳ ರೈತರು ತಂಡ ಕಟ್ಟಿಕೊಂಡು ಕೃಷಿಮೇಳಕ್ಕೆ, ಸಂಶೋಧನಾ ಕೇಂದ್ರಕ್ಕೆ, ಪ್ರಗತಿಪರ ರೈತರ ತೋಟಕ್ಕೆ ಹೋಗಿ ಬರುವುದು ಹಿಂದಿನಿಂದಲೂ ಇದೆ. ಹೊಸ ತಳಿ, ಹೊಸ ಯಂತ್ರ, ಹೊಸ ಪದ್ಧತಿಗಳನ್ನು ಕಣ್ಣಾರೆ ಕಂಡು ಬರುವುದು ಇಂಥ ಪ್ರವಾಸಗಳ ಉದ್ದೇಶ. ಹಳೆಯದನ್ನು ನೋಡಿ ಕಲಿಯಲು ಹೊರಡುವ ತಂಡಗಳು ಮಾತ್ರ ಬಹಳ ಕಡಮೆ. ಹೊರಟರೂ ಮೈಸೂರಿನ ದಾರಿಯಲ್ಲಿ ಅರ್ಧ ಗಂಟೆ ಬಸ್ಸು ನಿಲ್ಲಿಸಿ, ಕಾಫಿ ಕುಡಿದು, ನಾಲ್ಕು ಚಿತ್ರ ತೆಗೆದುಕೊಂಡು ಮುಂದೆ ಸಾಗುವುದೇ ಹೆಚ್ಚು.

ಎತ್ತು ಕಟ್ಟಿ ಉತ್ತು, ಕೂರಿಗೆಯಲ್ಲಿ ಬಿತ್ತಿ, ಕಪಿಲೆಯಲ್ಲಿ ನೀರೆತ್ತಿದ ತಲೆಮಾರಿನ ಬಹುಪಾಲು ಜನ ಇಂದು ಎಪ್ಪತ್ತರ ಗಡಿ ದಾಟಿದ್ದಾರೆ. ಕೂರಿಗೆಯ ತಾಳಿಗೆ ಯಾವ ಮರ ಒಳ್ಳೆಯದು, ಹಗೇವಿಗೆ ಎಂಥ ನೆಲ ಬೇಕು, ಕಣಕ್ಕೆ ಸಾರಣೆ ಎಷ್ಟು ಸಲ ಹಾಕಬೇಕು ಎಂಬುದನ್ನು ಬಲ್ಲವರು ಊರಿಗೆ ಒಬ್ಬಿಬ್ಬರು ಉಳಿದಿದ್ದಾರೆ. ಅಟ್ಟದ ಮೇಲಿದ್ದ ಉಪಕರಣಗಳ ಮರ ಒಲೆಗೆ, ಕಬ್ಬಿಣ ಗುಜರಿಗೆ ಹೋಗುತ್ತಿವೆ. ಬಳಸಿದವರು ಹೋದ ಮೇಲೆ ಉಪಕರಣ ಉಳಿದರೂ ಅದರ ವಿದ್ಯೆ ಉಳಿಯುವುದಿಲ್ಲ. ಆದ್ದರಿಂದ ಇಂಥ ಪ್ರವಾಸವನ್ನು ಮುಂದೂಡದೆ, ಹಿರಿಯರ ಕೈಕಾಲು ಗಟ್ಟಿಯಿರುವಾಗಲೇ ಮಾಡುವುದು ಲೇಸು. ರಾಮನಗರದ ಬಳಿಯ ಜಾನಪದ ಲೋಕವನ್ನು ಉದಾಹರಣೆಯಾಗಿಟ್ಟುಕೊಂಡು, ಒಂದು ದಿನದ ಅಧ್ಯಯನ ಪ್ರವಾಸಕ್ಕೆ ಸಿದ್ಧತೆ ಮಾಡಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಬಯಲು ವಸ್ತುಸಂಗ್ರಹಾಲಯ ಎಂದರೇನು?

ಸಾಮಾನ್ಯ ವಸ್ತುಸಂಗ್ರಹಾಲಯದಲ್ಲಿ ಪದಾರ್ಥಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಬಯಲು ವಸ್ತುಸಂಗ್ರಹಾಲಯದಲ್ಲಿ ಮನೆ, ಕೊಟ್ಟಿಗೆ, ಗಾಣ, ಗಾಡಿ ಮೊದಲಾದುವನ್ನು ವಿಶಾಲವಾದ ಆವರಣದಲ್ಲಿ, ಅವು ಬಳಕೆಯಲ್ಲಿದ್ದ ರೀತಿ ತಿಳಿಯುವಂತೆ ಜೋಡಿಸಿರುತ್ತಾರೆ. ಜಗತ್ತಿನಲ್ಲಿ ಹೆಸರಾದ ಮೊದಲ ಬಯಲು ವಸ್ತುಸಂಗ್ರಹಾಲಯ ಸ್ವೀಡನ್ ದೇಶದ ಸ್ಟಾಕ್‌ಹೋಮಿನ ಸ್ಕ್ಯಾನ್ಸೆನ್. ಅದನ್ನು 1891ರಲ್ಲಿ ಆರ್ಥರ್ ಹಜೇಲಿಯಸ್ ಎಂಬವರು ಸ್ಥಾಪಿಸಿದರು. ಕೈಗಾರಿಕೆಗಳು ಬೆಳೆದು ಹಳ್ಳಿಯ ಬದುಕು ಬೇಗ ಬೇಗ ಬದಲಾಗುತ್ತಿದ್ದ ಕಾಲ ಅದು. ಅವರು ದೇಶದ ಬೇರೆ ಬೇರೆ ಕಡೆಯ ರೈತರ ಮನೆಗಳನ್ನು ಬಿಚ್ಚಿ ತಂದು ಒಂದೇ ಕಡೆ ಮತ್ತೆ ಕಟ್ಟಿಸಿದರು. ಈ ಮಾದರಿ ಮುಂದೆ ಅನೇಕ ದೇಶಗಳಿಗೆ ಹಬ್ಬಿತು.

ಜಾನಪದ ಲೋಕದ ಪರಿಚಯ

ಆಡಳಿತಾಧಿಕಾರಿಯಾಗಿದ್ದು, ಹಳ್ಳಿ ಹಳ್ಳಿ ಸುತ್ತಿ ಜನಪದ ಹಾಡು, ಕಥೆ, ವಸ್ತುಗಳನ್ನು ಸಂಗ್ರಹಿಸಿದ ಎಚ್.ಎಲ್. ನಾಗೇಗೌಡರು (1915-2005) ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನವರು. 1979ರಲ್ಲಿ ಅವರು ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. ಆ ಪರಿಷತ್ತಿನ ಆಶ್ರಯದಲ್ಲಿ 15 ಎಕರೆ ಜಾಗದಲ್ಲಿ ರೂಪುಗೊಂಡ ಜಾನಪದ ಲೋಕ 1994ರಲ್ಲಿ ಉದ್ಘಾಟನೆಯಾಯಿತು. ಬೆಂಗಳೂರಿನಿಂದ ಸುಮಾರು 53 ಕಿಲೋಮೀಟರು ದೂರದಲ್ಲಿ, ರಾಮನಗರ ದಾಟಿದ ಮೇಲೆ ಹಳೆಯ ಬೆಂಗಳೂರು-ಮೈಸೂರು ರಸ್ತೆಯ ಮಗ್ಗುಲಲ್ಲಿ ಇದೆ.

ಇಲ್ಲಿನ ಮುಖ್ಯ ವಿಭಾಗಗಳು ಹೀಗಿವೆ:

1. ಲೋಕಮಾತಾ ಮಂದಿರ: ಮನೆವಾರ್ತೆಯ ಪದಾರ್ಥಗಳು, ಅಡಿಗೆಯ ಪಾತ್ರೆ ಪಡಗ, ಬೀಸುವ ಕುಟ್ಟುವ ಸಾಧನಗಳು, ಅಳತೆಯ ಮಾನಗಳು, ಬೇಸಾಯದ ಉಪಕರಣಗಳು.
2. ಚಿತ್ರ ಕುಟೀರ: ಜನಪದ ಬದುಕು ಮತ್ತು ಕಲಾವಿದರ ಛಾಯಾಚಿತ್ರಗಳು.
3. ಲೋಕ ಮಹಲ್: ಸೂತ್ರದ ಬೊಂಬೆ, ಮುಖವಾಡ, ಕುಣಿತದ ವೇಷಭೂಷಣ, ವಾದ್ಯ ಮೊದಲಾದುವು.
4. ಶಿಲ್ಪಮಾಳ: ವೀರಗಲ್ಲು, ಮಾಸ್ತಿಕಲ್ಲು ಮುಂತಾದ ಕಲ್ಲುಗಳು.
5. ಆಯಗಾರರ ಮಾಳ: ಊರಿನ ಕಸುಬುದಾರರ ಸಾಧನಗಳು, ಗಾಣ, ಕಬ್ಬು ಅರೆಯುವ ಯಂತ್ರ, ಗಾಡಿ ಇತ್ಯಾದಿ.
6. ಬಯಲು ರಂಗಮಂದಿರ: ಕಲಾ ಪ್ರದರ್ಶನಗಳ ಸ್ಥಳ.

ರೈತ ತಂಡಗಳು ಒಂದನೆಯ ಮತ್ತು ಐದನೆಯ ವಿಭಾಗಗಳಿಗೆ ಹೆಚ್ಚಿನ ವೇಳೆ ಮೀಸಲಿಡಬೇಕು. ಉಳಿದುವನ್ನು ಸಾವಕಾಶವಾಗಿ ನೋಡಿಕೊಂಡು ಬಂದರೆ ಸಾಕು.

ಹೊರಡುವ ಮುನ್ನ

ತಂಡದ ರಚನೆ: ಇಪ್ಪತ್ತರಿಂದ ಇಪ್ಪತ್ತೈದು ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಹಿಂದೆ ನಿಂತವರಿಗೆ ಮಾತು ಕೇಳಿಸುವುದಿಲ್ಲ. ತಂಡದಲ್ಲಿ ಮೂರನೆಯ ಒಂದು ಭಾಗ ಹಿರಿಯರು, ಮೂರನೆಯ ಒಂದು ಭಾಗ ಯುವಕ ಯುವತಿಯರು ಇರಬೇಕು. ಒಬ್ಬ ಹಿರಿಯರಿಗೆ ಒಬ್ಬ ಕಿರಿಯನನ್ನು ಜೊತೆ ಮಾಡಬೇಕು. ವಸ್ತುಸಂಗ್ರಹಾಲಯದ ಫಲಕದಲ್ಲಿ ಉಪಕರಣದ ಹೆಸರು ಮಾತ್ರ ಇರುತ್ತದೆ. ಅದರ ವಿದ್ಯೆ ಹಿರಿಯರ ಬಾಯಲ್ಲಿದೆ. ಹೆಣ್ಣುಮಕ್ಕಳನ್ನು ಬಿಟ್ಟು ಹೋಗಲೇಬಾರದು. ಬೀಜ ಆರಿಸುವುದು, ಕಾಳು ಕಾಪಾಡುವುದು, ಕೂರಿಗೆಯ ಬಟ್ಟಲಿಗೆ ಬೀಜ ಬಿಡುವುದು ಬಹಳ ಕಡೆ ಅವರ ಕೈಕೆಲಸವಾಗಿತ್ತು. ಅದನ್ನು ಹೇಳಬಲ್ಲವರೂ ಅವರೇ.

ಕಾಲ: ರಾಗಿ ಕಣದ ಕೆಲಸ ಮುಗಿದು ಮುಂಗಾರು ಉಳುಮೆ ಇನ್ನೂ ಹಿಡಿಯದ ದಿನಗಳು ಅನುಕೂಲ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಶಾಲಾ ಮಕ್ಕಳ ಪ್ರವಾಸ ಹೆಚ್ಚಾಗಿರುವುದರಿಂದ ಫೆಬ್ರವರಿಯಲ್ಲಿ ಹೊರಡುವುದು ಮೇಲು. ಭಾನುವಾರ ಮತ್ತು ರಜಾ ದಿನಗಳಲ್ಲಿ ಜನಸಂದಣಿ ಇರುತ್ತದೆ. ಉತ್ಸವದ ದಿನ ಹೋದರೆ ಕುಣಿತ, ಹಾಡು ನೋಡಬಹುದು, ಆದರೆ ಉಪಕರಣಗಳ ಮುಂದೆ ನಿಂತು ಮಾತನಾಡಲು ಆಗುವುದಿಲ್ಲ.

ಮುಂಗಡ ವಿಚಾರಣೆ: ಕಡೆಯ ಪಕ್ಷ ಹದಿನೈದು ದಿನ ಮುಂಚಿತವಾಗಿ ಫೋನು ಮಾಡಿ ಅಥವಾ ಪತ್ರ ಬರೆದು ವಾರದ ರಜೆ, ತೆರೆಯುವ ವೇಳೆ, ಪ್ರವೇಶ ಶುಲ್ಕ, ತಂಡಗಳಿಗೆ ರಿಯಾಯಿತಿ, ವಿವರಿಸುವವರ ಸೌಲಭ್ಯ, ಊಟದ ಏರ್ಪಾಡು ಇವನ್ನು ತಿಳಿದುಕೊಳ್ಳತಕ್ಕದ್ದು. ನಾವು ರೈತರು, ಬೇಸಾಯದ ಉಪಕರಣಗಳನ್ನು ವಿಶೇಷವಾಗಿ ನೋಡಬೇಕೆಂದಿದ್ದೇವೆ ಎಂದು ಮೊದಲೇ ತಿಳಿಸಿದರೆ ಅನುಕೂಲವಾಗುತ್ತದೆ.

ದಾರಿ: 2023ರಲ್ಲಿ ತೆರೆದ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ರಾಮನಗರ, ಚನ್ನಪಟ್ಟಣಗಳ ಹೊರಗಿನಿಂದ ಹಾದು ಹೋಗುತ್ತದೆ. ಆದ್ದರಿಂದ ಬಸ್ಸಿನಲ್ಲಿ ಬರುವವರು ರಾಮನಗರದ ಒಳಗೆ ಬರುವ ಬಸ್ಸೇ ಎಂದು ಕೇಳಿ ಹತ್ತಬೇಕು. ಬಾಡಿಗೆ ವಾಹನದವರಿಗೆ ಹಳೆಯ ರಸ್ತೆಯಲ್ಲಿ ಬರಲು ಹೇಳಬೇಕು. ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳ ಸಂಚಾರವನ್ನು 2023ರ ಆಗಸ್ಟಿನಲ್ಲಿ ನಿಷೇಧಿಸಲಾಯಿತು ಎಂಬುದನ್ನೂ ನೆನಪಿನಲ್ಲಿಡಬೇಕು. ರೈಲಿನಲ್ಲಿ ಬರುವವರು ರಾಮನಗರದಲ್ಲಿ ಇಳಿಯಬಹುದು.

ಜೊತೆಗೆ ಒಯ್ಯಬೇಕಾದುವು: ನೋಟು ಪುಸ್ತಕ, ಪೆನ್ನು, ಅಳತೆ ಟೇಪು, ಧ್ವನಿಮುದ್ರಣ ಮಾಡಬಲ್ಲ ಮೊಬೈಲು, ಕುಡಿಯುವ ನೀರು, ಹಿರಿಯರ ಔಷಧ. ಚಿತ್ರ ತೆಗೆಯುವ ಮುಂಚೆ, ಟೇಪು ಹಿಡಿಯುವ ಮುಂಚೆ ಅನುಮತಿ ಕೇಳಬೇಕು. ಪ್ರದರ್ಶನದ ಪದಾರ್ಥಗಳನ್ನು ಎತ್ತುವುದು, ತಿರುಗಿಸುವುದು ಕೂಡದು.

ದಿನದ ವೇಳಾಪಟ್ಟಿ

ಬೆಳಿಗ್ಗೆ 10.00: ಒಳಗೆ ಪ್ರವೇಶ, ತಂಡವನ್ನು ನಾಲ್ಕು ಗುಂಪುಗಳಾಗಿ ಹಂಚುವುದು.
10.15ರಿಂದ 12.00: ಲೋಕಮಾತಾ ಮಂದಿರ. ಪ್ರತಿ ಗುಂಪು ತನ್ನ ವಿಷಯದ ವಸ್ತುಗಳ ಮುಂದೆ.
12.00ರಿಂದ 1.00: ಆಯಗಾರರ ಮಾಳ.
1.00ರಿಂದ 2.00: ಊಟ, ವಿಶ್ರಾಂತಿ.
2.00ರಿಂದ 3.15: ಲೋಕ ಮಹಲ್, ಚಿತ್ರ ಕುಟೀರ, ಶಿಲ್ಪಮಾಳ.
3.15ರಿಂದ 4.00: ಮರದ ನೆರಳಿನಲ್ಲಿ ಕುಳಿತು ಪ್ರತಿ ಗುಂಪಿನ ವರದಿ.

ಕೊನೆಯ ಮುಕ್ಕಾಲು ಗಂಟೆಯನ್ನು ಯಾವ ಕಾರಣಕ್ಕೂ ಬಿಡಬಾರದು. ಬಸ್ಸು ಹತ್ತಿದ ಮೇಲೆ ಮಾತು ಬೇರೆ ಕಡೆ ಹೋಗುತ್ತದೆ.

ಏನು ನೋಡಬೇಕು, ಏನು ಕೇಳಬೇಕು?

ಮೊದಲನೆಯ ಗುಂಪು: ಉಳುಮೆ ಮತ್ತು ಬಿತ್ತನೆ. ಮರದ ನೇಗಿಲಿನ ಗುಳವನ್ನು ಗಮನಿಸಿ. ಅದು ಮಣ್ಣನ್ನು ಸೀಳುತ್ತದೆಯೇ ಹೊರತು ಮಗುಚಿ ಹಾಕುವುದಿಲ್ಲ. ಸಾಲು ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿ ಬೀಳುವುದರಿಂದ ಎರಡು ಸಾಲುಗಳ ನಡುವೆ ಉಳದ ಮಣ್ಣು ಉಳಿಯುತ್ತದೆ. ಅದಕ್ಕೇ ನಮ್ಮ ಹಿರಿಯರು ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಉಳುತ್ತಿದ್ದರು. ಮಣ್ಣನ್ನು ಮಗುಚುವ ರೆಕ್ಕೆ ನೇಗಿಲು ಕಳೆ ಮುಚ್ಚಲು ಉತ್ತಮ. ಆದರೆ ಮಳೆ ಕಡಮೆಯಾದಾಗ ಮಗುಚಿದ ಮಣ್ಣಿನ ತೇವ ಬೇಗ ಆರುತ್ತದೆ. ಭಾರದ ಯಂತ್ರದಲ್ಲಿ ಪ್ರತಿ ವರ್ಷ ಒಂದೇ ಆಳಕ್ಕೆ ಉತ್ತರೆ ಕೆಳಗೆ ಗಟ್ಟಿ ಪದರ ಕಟ್ಟುತ್ತದೆ. ನಿಮ್ಮ ಹೊಲಕ್ಕೆ ಯಾವುದು ಯಾವಾಗ ಬೇಕು ಎಂದು ಗುಂಪಿನಲ್ಲಿ ಚರ್ಚಿಸಿ.

ಕೂರಿಗೆಯ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕು. ಉತ್ತರ ಕರ್ನಾಟಕದ ಜೋಳದ ಕೂರಿಗೆಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ತಾಳುಗಳಿದ್ದರೆ, ಹಳೆ ಮೈಸೂರು ಸೀಮೆಯ ರಾಗಿ ಕೂರಿಗೆಗೆ ಹನ್ನೆರಡು ತಾಳುಗಳವರೆಗೆ ಇರುತ್ತಿದ್ದವು. ಬಟ್ಟಲಿಗೆ ಬಿಟ್ಟ ಬೀಜ ಬಿದಿರಿನ ಕೊಳವೆಗಳ ಮೂಲಕ ಎಲ್ಲ ಸಾಲುಗಳಿಗೂ ಸಮನಾಗಿ ಇಳಿಯಬೇಕು. ಅದು ಬೀಜ ಬಿಡುವವರ ಕೈ ಹದವನ್ನು ಅವಲಂಬಿಸಿತ್ತು. ಹಿಂದೆ ಕಟ್ಟಿದ ಬೇರೆ ಕೊಳವೆಯಿಂದ ಅವರೆ, ತೊಗರಿ ಮೊದಲಾದ ಅಕ್ಕಡಿ ಬೀಜ ಬೀಳುತ್ತಿತ್ತು. ರಾಗಿ ಕೈಕೊಟ್ಟರೆ ಅವರೆಯಾದರೂ ಬರಲಿ ಎಂಬ ಲೆಕ್ಕಾಚಾರ ಅದರಲ್ಲಿತ್ತು. ದ್ವಿದಳ ಧಾನ್ಯದ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ ಎಂಬುದನ್ನು ವಿಜ್ಞಾನ ತಿಳಿಸಿಕೊಟ್ಟಿತು. ಇಂದು ರಾಗಿಯ ಎಂಟು ಸಾಲಿಗೆ ತೊಗರಿಯ ಎರಡು ಸಾಲು ಹಾಕಬೇಕೆಂಬ ಶಿಫಾರಸು ಅದೇ ಅಕ್ಕಡಿ ಪದ್ಧತಿಯ ಸುಧಾರಿಸಿದ ರೂಪ. ಹಿರಿಯರನ್ನು ಕೇಳಬೇಕಾದ ಪ್ರಶ್ನೆ: ನಮ್ಮೂರಿನಲ್ಲಿ ಅಕ್ಕಡಿಗೆ ಏನೇನು ಹಾಕುತ್ತಿದ್ದರು? ಆ ಬೀಜ ಈಗ ಯಾರ ಮನೆಯಲ್ಲಿದೆ?

ಎರಡನೆಯ ಗುಂಪು: ನೀರು. ಏತ, ಕಪಿಲೆ, ಗೂಡೆ ಇವುಗಳಿಗೆ ಸಂಬಂಧಪಟ್ಟ ಸಾಧನ ಅಥವಾ ಚಿತ್ರ ಕಂಡಲ್ಲಿ ನಿಂತು ನೋಡಿ. ಕಪಿಲೆಯಲ್ಲಿ ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ನಡೆಯುವಾಗ ನೀರು ಮೇಲೆ ಬರುತ್ತದೆ. ಎಳೆಯುವ ಶಕ್ತಿಗೆ ಎತ್ತಿನ ಮೈತೂಕವೂ ಸೇರಲಿ ಎಂದೇ ಆ ಇಳಿಜಾರು. ಕಪಿಲೆಯ ಕೆಲಸ ಎತ್ತಿಗೂ ಆಳಿಗೂ ಬಹಳ ದಣಿವು. ಪಂಪುಸೆಟ್ಟು ಬಂದದ್ದು ರೈತನ ಬೆನ್ನಿಗೆ ದೊಡ್ಡ ಬಿಡುಗಡೆ. ಆದರೆ ಒಂದು ವಿಷಯವನ್ನು ಮರೆಯಬಾರದು. ತೆರೆದ ಬಾವಿಯಲ್ಲಿ ನೀರು ಎಷ್ಟು ಇಳಿದಿದೆ ಎಂಬುದು ದಿನವೂ ಕಣ್ಣಿಗೆ ಕಾಣುತ್ತಿತ್ತು, ಹಗ್ಗದ ಉದ್ದವೇ ಲೆಕ್ಕ ಹೇಳುತ್ತಿತ್ತು. ಕೊಳವೆ ಬಾವಿಯಲ್ಲಿ ಮೋಟಾರು ಗಾಳಿ ಎಳೆಯುವವರೆಗೆ ಒಳಗಿನ ಸ್ಥಿತಿ ತಿಳಿಯುವುದಿಲ್ಲ. ಹಳೆಯ ಸಾಧನಕ್ಕೆ ಮರಳುವುದು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ನೀರಿನ ಮಟ್ಟವನ್ನು ಅಳೆದು ಬರೆದಿಡುವ ಅಭ್ಯಾಸವನ್ನು ಮಾತ್ರ ಮರಳಿ ತರಬೇಕು.

ಮೂರನೆಯ ಗುಂಪು: ಕಣ, ದಾಸ್ತಾನು ಮತ್ತು ಅಳತೆ. ರೋಣಗಲ್ಲು, ಮೊರ, ಜರಡಿ, ವಾಡೆ, ಕಣಜ, ಗುಡಾಣ ಇವುಗಳ ಹೆಸರನ್ನೂ ನಿಮ್ಮೂರಿನ ಹೆಸರನ್ನೂ ಅಕ್ಕಪಕ್ಕದಲ್ಲಿ ಬರೆದುಕೊಳ್ಳಿ. ಸಗಣಿ ಸಾರಿಸಿದ ಕಣ ಇಲ್ಲವಾದ ಮೇಲೆ ರಾಗಿ, ಹುರುಳಿ ಮೆದೆಗಳು ಟಾರು ರಸ್ತೆಗೆ ಬಂದಿವೆ. ಇದರಿಂದ ಕಾಳಿಗೆ ಕಲ್ಲು, ಎಣ್ಣೆ ಸೇರುವುದಲ್ಲದೆ ದ್ವಿಚಕ್ರ ವಾಹನದವರು ಜಾರಿ ಬಿದ್ದು ಪ್ರಾಣಾಪಾಯಕ್ಕೆ ಒಳಗಾಗುತ್ತಾರೆ. ಊರಿಗೊಂದು ಸಾಮೂಹಿಕ ಕಣ ಬೇಕೇ ಎಂಬುದನ್ನು ಈ ಗುಂಪು ಚರ್ಚಿಸಬೇಕು.

ದಾಸ್ತಾನಿನಲ್ಲಿ ಹಗೇವಿನ ವಿಚಾರ ಮುಖ್ಯ. ನೀರು ನಿಲ್ಲದ ಎತ್ತರದ ಗಟ್ಟಿ ನೆಲದಲ್ಲಿ ಕಿರಿದಾದ ಬಾಯಿಯ ಗುಂಡಿ ತೋಡಿ, ಚೆನ್ನಾಗಿ ಒಣಗಿದ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಹಾಕಿ ಮಣ್ಣಿನಿಂದ ಮೆತ್ತುತ್ತಿದ್ದರು. ಒಳಗಿನ ಕಾಳು ಉಸಿರಾಡಿ ಆಮ್ಲಜನಕ ಮುಗಿದ ಮೇಲೆ ಹುಳುಗಳು ಬದುಕುವುದಿಲ್ಲ. ಆದ್ದರಿಂದಲೇ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು, ಬರಗಾಲದಲ್ಲಿ ಊರನ್ನು ಕಾಪಾಡುತ್ತಿತ್ತು. ಈಗ ಮಾರುಕಟ್ಟೆಗೆ ಬಂದಿರುವ ಗಾಳಿಯಾಡದ ದಾಸ್ತಾನು ಚೀಲಗಳ ತತ್ತ್ವವೂ ಇದೇ. ಯಾವುದರಲ್ಲಿ ಇಟ್ಟರೂ ಕಾಳಿನ ತೇವಾಂಶ ಶೇಕಡಾ 12ಕ್ಕಿಂತ ಹೆಚ್ಚಿರಬಾರದು.

ಎಚ್ಚರಿಕೆ: ಕಾಳನ್ನು ಕಾಪಾಡುವ ಆ ಗಾಳಿಯೇ ಮನುಷ್ಯನ ಪ್ರಾಣ ತೆಗೆಯುತ್ತದೆ. ನಿಮ್ಮ ಊರಿನಲ್ಲಿ ಹಳೆಯ ಹಗೇವು ಇದ್ದರೆ ಕುತೂಹಲಕ್ಕೆಂದು ಯಾರೂ ಇಳಿಯಕೂಡದು. ಹಿಂದಿನವರು ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಬಿಟ್ಟು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ದೀಪದ ಪರೀಕ್ಷೆಯನ್ನೂ ಪೂರ್ತಿ ನಂಬುವಂತಿಲ್ಲ. ಒಳಗೆ ಬಿದ್ದವರನ್ನು ಎತ್ತಲು ಹಿಂದೆಯೇ ಇಳಿದವರೂ ಸಾಯುವ ಅಪಾಯವಿದೆ. ಹಳೆಯ ಹಗೇವುಗಳನ್ನು ಮಣ್ಣು ತುಂಬಿ ಮುಚ್ಚುವುದು ಅಥವಾ ಭದ್ರವಾದ ಚಪ್ಪಡಿ ಹಾಕುವುದು ಕ್ಷೇಮ.

ಅಳತೆಯ ಮಾನಗಳಲ್ಲಿ ನಾಲ್ಕು ಪಾವು ಒಂದು ಸೇರು, ಇಪ್ಪತ್ತು ಕೊಳಗ ಒಂದು ಖಂಡುಗ ಎಂಬ ಲೆಕ್ಕ ಹಿರಿಯರಿಗೆ ಗೊತ್ತು. ಆದರೆ ಕೊಳಗದ ಗಾತ್ರ ಊರಿಂದ ಊರಿಗೆ ಬೇರೆಯಾಗುತ್ತಿತ್ತು. ಕೊಡುವ ಕೊಳಗ ಒಂದು, ತೆಗೆದುಕೊಳ್ಳುವ ಕೊಳಗ ಇನ್ನೊಂದು ಇಟ್ಟುಕೊಂಡವರಿಂದ ಬಡ ರೈತ ನಷ್ಟ ಅನುಭವಿಸುತ್ತಿದ್ದ. 1956ರ ಅಳತೆ ಮತ್ತು ತೂಕದ ಕಾಯ್ದೆಯಿಂದ ದಶಮಾಂಶ ಪದ್ಧತಿ ಹಂತ ಹಂತವಾಗಿ ಜಾರಿಗೆ ಬಂದದ್ದು ಇಂಥ ಅನ್ಯಾಯಕ್ಕೆ ತಡೆಯಾಯಿತು. ಇಂದು ಕೂಡ ಮಾರುಕಟ್ಟೆಯಲ್ಲಿ ತೂಕ ನೋಡದೆ ಚೀಲದ ಲೆಕ್ಕದಲ್ಲಿ ಮಾರುವವರು ಈ ಕೊಳಗಗಳ ಮುಂದೆ ಒಂದು ಗಳಿಗೆ ನಿಂತು ಯೋಚಿಸಬೇಕು.

ನಾಲ್ಕನೆಯ ಗುಂಪು: ಮನೆವಾರ್ತೆ. ಈ ಗುಂಪಿನ ಮುಂದಾಳುತನವನ್ನು ಹೆಂಗಸರಿಗೇ ಬಿಡತಕ್ಕದ್ದು. ಒರಳು, ಒನಕೆ, ಬೀಸುವ ಕಲ್ಲು, ಕಡೆಗೋಲು, ಮಡಕೆಗಳನ್ನು ಕಂಡು ‘ಹಿಂದಿನ ಕಾಲವೇ ಚೆನ್ನಾಗಿತ್ತು’ ಎನ್ನುವ ಗಂಡಸರು, ಬೆಳಗಿನ ಜಾವ ಎದ್ದು ಮನೆಮಂದಿಗೆಲ್ಲ ಹಿಟ್ಟು ಬೀಸಿದ ಅಜ್ಜಿಯರನ್ನು ಒಮ್ಮೆ ಕೇಳಬೇಕು. ಗಿರಣಿ ಬಂದಾಗ ಅವರಿಗೆ ಆದ ಸಮಾಧಾನ ಎಷ್ಟೆಂಬುದು ಆಗ ತಿಳಿಯುತ್ತದೆ. ಇದರ ಜೊತೆಗೇ ಬಿತ್ತನೆ ಬೀಜವನ್ನು ಬೂದಿ, ಬೇವಿನ ಸೊಪ್ಪು ಬೆರೆಸಿ ಕಾಪಾಡಿದ ಕ್ರಮ, ತೆನೆ ಆರಿಸಿ ಕಟ್ಟಿಡುವ ಕ್ರಮ ಇವನ್ನು ಅವರಿಂದ ಕೇಳಿ ಬರೆದುಕೊಳ್ಳಬೇಕು. ಇವು ಇಂದಿಗೂ ಉಪಯೋಗಕ್ಕೆ ಬರುವ ವಿಷಯಗಳು.

ಆಯಗಾರರ ಮಾಳದಲ್ಲಿ ಎಲ್ಲ ಗುಂಪುಗಳೂ ಒಟ್ಟಿಗೆ ಇರಬೇಕು. ಬಡಗಿ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ, ನೀರುಗಂಟಿ, ತಳವಾರ, ತೋಟಿ ಮೊದಲಾದ ಆಯಗಾರರು ವರ್ಷವೆಲ್ಲ ಊರಿನ ಕೆಲಸ ಮಾಡಿ, ಸುಗ್ಗಿಯಲ್ಲಿ ಕಣದಲ್ಲೇ ಕಾಳಿನ ರೂಪದಲ್ಲಿ ಆಯ ಪಡೆಯುತ್ತಿದ್ದರು. ನೇಗಿಲು ಮುರಿದ ದಿನವೇ ಬಡಗಿ ಸಿಗುತ್ತಿದ್ದುದು, ಕೆರೆಯ ನೀರನ್ನು ನೀರುಗಂಟಿ ಸರದಿಯಂತೆ ಹಂಚುತ್ತಿದ್ದುದು ಈ ಪದ್ಧತಿಯ ಗುಣ. ಕಸುಬು ಜಾತಿಗೆ ಅಂಟಿಕೊಂಡು, ತಂದೆಯ ಕೆಲಸವನ್ನೇ ಮಗ ಮಾಡಬೇಕಾಗಿದ್ದುದು, ಕಟ್ಟಕಡೆಯವನಿಗೆ ಕಣದ ಅಂಚಿನ ಕಾಳು ದಕ್ಕುತ್ತಿದ್ದುದು ಇದರ ದೋಷ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಪಡಿಸುವ ಕಾಯ್ದೆಯನ್ನು ನಮ್ಮ ರಾಜ್ಯ 1961ರಲ್ಲಿ ಮಾಡಿತು. ತಂಡದಲ್ಲಿ ಆಯಗಾರರ ಮನೆತನದವರು ಇದ್ದರೆ ಅವರೇ ಮೊದಲು ಮಾತನಾಡಲಿ. ಅವರ ಮಾತಿಲ್ಲದೆ ಹಳ್ಳಿಯ ಚಿತ್ರ ಪೂರ್ಣವಾಗುವುದಿಲ್ಲ.

ದಾರಿಯಲ್ಲಿ ಇನ್ನೇನು ನೋಡಬಹುದು?

ಬೆಳಿಗ್ಗೆ ಬೇಗ ತಲುಪುವವರು ರಾಮನಗರದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೋಡಿ ಬರಬಹುದು. ಸಂಜೆ ವೇಳೆಯಿದ್ದರೆ ಮುಂದಿರುವ ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಬೊಂಬೆಗಳ ತಯಾರಿಕೆ ನೋಡಬಹುದು. ಅದಕ್ಕೆ ಬಳಸುವ ಹಾಲೆ ಮರವನ್ನು ಬದುಗಳ ಮೇಲೆ ಬೆಳೆಸಲು ಸಾಧ್ಯವಿರುವುದರಿಂದ ರೈತರಿಗೆ ಇದು ಕೇವಲ ಮಕ್ಕಳ ಆಟಿಕೆಯ ವಿಷಯವಲ್ಲ.

ದೂರದ ಜಿಲ್ಲೆಗಳವರು ತಮಗೆ ಹತ್ತಿರದ ಸ್ಥಳವನ್ನು ಆರಿಸಿಕೊಳ್ಳಬಹುದು. ಹಾವೇರಿ ಜಿಲ್ಲೆಯ ಶಿಗ್ಗಾವಿ ಬಳಿಯ ಗೊಟಗೋಡಿಯಲ್ಲಿರುವ ಉತ್ಸವ ರಾಕ್ ಗಾರ್ಡನ್‌ನಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ಆಳೆತ್ತರದ ಶಿಲ್ಪಗಳಲ್ಲಿ ತೋರಿಸಿದ್ದಾರೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿಸಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವಿದೆ. ಚೆನ್ನೈ ಬಳಿಯ ದಕ್ಷಿಣಚಿತ್ರದಲ್ಲಿ ನಮ್ಮ ಇಳಕಲ್ಲಿನ ನೇಕಾರರ ಮನೆಯೂ ಸೇರಿದೆ. ಎಲ್ಲಿಗೆ ಹೋದರೂ ಮೇಲೆ ಹೇಳಿದ ಕ್ರಮವನ್ನೇ ಅನುಸರಿಸಬಹುದು.

ಊರಿಗೆ ಮರಳಿದ ಮೇಲೆ

ಪ್ರವಾಸದ ನಿಜವಾದ ಕೆಲಸ ಆರಂಭವಾಗುವುದು ಮರಳಿದ ಮೇಲೆ. ಒಂದು ತಿಂಗಳೊಳಗಾಗಿ ಈ ಕೆಳಗಿನ ಕೆಲಸಗಳನ್ನು ಮಾಡಬೇಕು:

1. ಮನೆ ಮನೆಗೆ ಹೋಗಿ ಹಳೆಯ ಉಪಕರಣಗಳ ಪಟ್ಟಿ ಮಾಡುವುದು. ಹೆಸರು, ಯಾವ ಮರ, ಮಾಡಿದವರು ಯಾರು, ಕೊನೆಯ ಸಲ ಬಳಸಿದ್ದು ಯಾವಾಗ ಎಂದು ಬರೆಯುವುದು.
2. ಬಳಸುವ ಕ್ರಮವನ್ನು ಹಿರಿಯರ ಧ್ವನಿಯಲ್ಲೇ ಮುದ್ರಿಸಿಕೊಳ್ಳುವುದು. ಅವರ ಆಡುಮಾತನ್ನು ತಿದ್ದಬಾರದು.
3. ಮರದ ಸಾಮಾನುಗಳನ್ನು ನೆಲಕ್ಕೆ ತಾಗದಂತೆ, ಗೆದ್ದಲು ಮತ್ತು ತೇವ ಇಲ್ಲದ ಕಡೆ ಇಡುವುದು. ಬಣ್ಣ ಬಳಿದು ಹೊಸದು ಮಾಡಬಾರದು. ಸವೆದ ಗುರುತೇ ಅದರ ಬಳಕೆಯ ಸಾಕ್ಷಿ.
4. ಶಾಲೆ, ಹಾಲಿನ ಸಂಘ ಅಥವಾ ಪಂಚಾಯಿತಿ ಕಟ್ಟಡದಲ್ಲಿ ಒಂದು ಕೋಣೆ ಸಿಕ್ಕಿದರೆ ಅಲ್ಲಿ ಜೋಡಿಸುವುದು. ವಸ್ತುಸಂಗ್ರಹಾಲಯಕ್ಕೆ ಕೊಡುವುದಾದರೆ ಮೊದಲು ವಿಚಾರಿಸಿ, ಮೇಲಿನ ವಿವರಗಳ ಸಮೇತ ಕೊಡುವುದು.
5. ಊರಿನ ವೀರಗಲ್ಲು, ಶಾಸನಗಳನ್ನು ಇದ್ದ ಸ್ಥಳದಿಂದ ಕದಲಿಸದೆ ರಾಜ್ಯದ ಪುರಾತತ್ತ್ವ ಇಲಾಖೆಗೆ ತಿಳಿಸುವುದು.
6. ಹಳೆಯ ಅಕ್ಕಡಿ ಬೀಜ, ರಾಗಿ, ಅವರೆ ತಳಿಗಳು ಯಾರಲ್ಲಾದರೂ ಉಳಿದಿದ್ದರೆ ಮುಂದಿನ ಮುಂಗಾರಿನಲ್ಲಿ ಸ್ವಲ್ಪ ಜಾಗದಲ್ಲಿ ಬಿತ್ತಿ ಬೀಜ ಹೆಚ್ಚಿಸಿಕೊಳ್ಳುವುದು. ಮರದ ನೇಗಿಲು ಅಟ್ಟದ ಮೇಲೆ ಐವತ್ತು ವರ್ಷ ಇದ್ದೀತು. ಬೀಜ ಕೆಲವೇ ವರ್ಷಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ.

ಚರ್ಚೆಗೆ ಪ್ರಶ್ನೆಗಳು

1. ನೀವು ನೋಡಿದ ಉಪಕರಣಗಳಲ್ಲಿ ಇಂದಿಗೂ ಪ್ರಯೋಜನಕ್ಕೆ ಬರುವ ಮೂರನ್ನು ಹೆಸರಿಸಿ, ಕಾರಣ ಕೊಡಿ.
2. ಬಿಟ್ಟದ್ದೇ ಒಳ್ಳೆಯದಾಯಿತು ಎನ್ನಬಹುದಾದ ಮೂರು ಪದ್ಧತಿಗಳು ಯಾವುವು?
3. ಹಗೇವಿನ ತತ್ತ್ವವನ್ನು ಇಂದಿನ ದಾಸ್ತಾನಿನಲ್ಲಿ ಹೇಗೆ ಬಳಸಬಹುದು?
4. ನಿಮ್ಮ ಊರಿನಲ್ಲಿ ಕೂರಿಗೆ ಹಿಡಿದು ಬಿತ್ತಬಲ್ಲವರು ಎಷ್ಟು ಜನ ಉಳಿದಿದ್ದಾರೆ? ಅವರಿಂದ ಕಲಿತವರು ಎಷ್ಟು?

ನಾಲ್ಕನೆಯ ಪ್ರಶ್ನೆಗೆ ‘ಯಾರೂ ಇಲ್ಲ’ ಎಂಬ ಉತ್ತರ ಬರುವ ಮೊದಲೇ ರೈತ ಬಾಂಧವರು ತಮ್ಮ ಸಂಘದ ಮುಂದಿನ ಸಭೆಯಲ್ಲಿ ಪ್ರವಾಸದ ದಿನಾಂಕವನ್ನು ಗೊತ್ತುಮಾಡಿಕೊಳ್ಳಲಿ.